ಕಡಲಂಚಿಗೆ ಕಲಬುರಗಿಯ ಮನೆ ಒಪ್ಪುತ್ತದೆಯೇ?

ಪ್ರಶ್ನೆ: ನಾನು ಕಲಬುರಗಿಯ ಕಾಲೇಜೊಂದರ ಅಧ್ಯಾಪಕ, ಬರುವ ವರ್ಷ ನಿವೃತ್ತನಾಗಲಿದ್ದೇನೆ. ಕುಂದಾಪುರ ಮತ್ತು ಬೈಂದೂರಿನ ನಡುವಿನ ಕಡಲ ಬದಿಯ ಹಳ್ಳಿಯೊಂದರಲ್ಲಿ 12 ಗುಂಟೆ ಜಾಗ ನೋಡಿ, ಸ್ವಲ್ಪ ಮುಂಗಡವನ್ನೂ ಕೊಟ್ಟಿದ್ದೇವೆ. ಜಾಗವು ನೀರಿನಂಚಿನಿಂದ 120 ಮೀಟರ್ ದೂರವಿದೆ ಎಂದು ದಲ್ಲಾಳಿ ಹೇಳುತ್ತಾರೆ. ಒಂದೇ ಅಂತಸ್ತು, ಎರಡು ಕೋಣೆ, ಸಮತಟ್ಟಾದ ಆರ್‌ಸಿಸಿ ಚಾವಣಿ, ಗಿಲಾಯಿ ಇಲ್ಲದ ಕಾಂಕ್ರೀಟ್ ಗೋಡೆ, ಕಡಲಿನ ಕಡೆಗೆ ಪೂರ್ತಿ ಗಾಜು, ನೆಲಕ್ಕೆ ನಮ್ಮ ಶಹಾಬಾದ್ ಫರ್ಸಿ. ಇಷ್ಟೇ ಇರುವ, ಪರಿಸರಕ್ಕೆ ಹೊರೆಯಾಗದ ಸರಳ ಮನೆ ನಮ್ಮ ಆಸೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿರುತ್ತೇವೆ, ಉಳಿದ ತಿಂಗಳು ಬೀಗ. ನಮ್ಮ ಹಿರಿಯರ ಮನೆಯ ಎರಡು ಅಡಿ ದಪ್ಪದ ಕಲ್ಲಿನ ಗೋಡೆ ಬೇಸಿಗೆಯಲ್ಲಿ ಕೊಡುವ ತಂಪು ಅಲ್ಲಿಯೂ ಸಿಗುವುದೇ? ಮರಳಿನ ಮೇಲೆ ಬುನಾದಿ ನಿಲ್ಲುವುದೇ? ಗುತ್ತಿಗೆದಾರರು ಕಡಲಿನ ಮರಳನ್ನೇ ತೊಳೆದು ಬಳಸಿ, ಮೇಲೆ ವಾಟರ್‌ಪ್ರೂಫಿಂಗ್ ಹೊಡೆದರೆ ಐವತ್ತು ವರ್ಷ ಚಿಂತೆಯಿಲ್ಲ ಎನ್ನುತ್ತಾರೆ. ನೀರಿಗೆ ಬೋರ್‌ವೆಲ್ ಕೊರೆಸುವ ಯೋಚನೆಯಿದೆ. ಇದರಲ್ಲಿ ಯಾವುದು ಸರಿ, ಯಾವುದು ತಪ್ಪು?

ಉತ್ತರ: ನಿಮ್ಮ ಪತ್ರದಲ್ಲಿ ಆರೇಳು ಪ್ರಶ್ನೆಗಳಿದ್ದರೂ ಅವುಗಳ ಬುಡದಲ್ಲಿರುವ ಆತಂಕ ಒಂದೇ. ನಮ್ಮ ಬಿಸಿಲುನಾಡಿನಲ್ಲಿ ತಲೆಮಾರುಗಳಿಂದ ಪರೀಕ್ಷೆಗೊಳಪಟ್ಟು ಗೆದ್ದ ಮನೆ ಕಟ್ಟುವ ತಿಳಿವಳಿಕೆಯನ್ನು ಕಡಲಂಚಿಗೆ ಒಯ್ಯಬಹುದೇ ಎಂಬುದು ಆ ಆತಂಕ. ಕಲಬುರಗಿಯಲ್ಲಿ ಕಚೇರಿ ಇಟ್ಟುಕೊಂಡು, ಇಲ್ಲಿನವರಿಗಾಗಿಯೇ ಕರಾವಳಿಯಲ್ಲಿ ಕೆಲವು ಮನೆಗಳನ್ನು ಕಟ್ಟಿಸಿದವನಾಗಿ ಹೇಳುವುದಾದರೆ, ಅರ್ಧದಷ್ಟು ಒಯ್ಯಬಹುದು, ಆದರೆ ಯಾವ ಅರ್ಧ ಎಂಬಲ್ಲಿ ಹೆಚ್ಚಿನವರು ಎಡವುತ್ತಾರೆ. ಇನ್ನೊಂದು ಮಾತು. ನೀವು ಪ್ರಶ್ನೆಯಾಗಿ ಕೇಳದೆ ನಡುವೆ ಹೇಳಿಬಿಟ್ಟ ‘ಉಳಿದ ತಿಂಗಳು ಬೀಗ’ ಎಂಬುದೇ ನನ್ನ ದೃಷ್ಟಿಯಲ್ಲಿ ಇಡೀ ಪತ್ರದ ಅತಿ ಭಾರದ ಮಾತು. ಅದಕ್ಕೆ ಆಮೇಲೆ ಬರುತ್ತೇನೆ, ಏಕೆಂದರೆ ಮೊದಲು ಅಲ್ಲಿ ಮನೆ ಕಟ್ಟಲು ಕಾನೂನು ಬಿಡುತ್ತದೆಯೇ ಎಂಬುದು ಇತ್ಯರ್ಥವಾಗಬೇಕು.

ದಲ್ಲಾಳಿ ಹೇಳಿದ 120 ಮೀಟರನ್ನು ಎಲ್ಲಿಂದ ಅಳೆದರು? ನೀರಿನಂಚು ದಿನಕ್ಕೆ ಎರಡು ಸಲ ಮೇಲೆ ಬಂದು ಎರಡು ಸಲ ಕೆಳಗೆ ಸರಿಯುತ್ತದೆ. ಡಿಸೆಂಬರಿನ ಇಳಿತದ ಹೊತ್ತಿಗೆ ಟೇಪು ಹಿಡಿದರೆ ಎಂಥ ಜಾಗವೂ ದೂರದ ಜಾಗವೇ. ಕಾನೂನು ಲೆಕ್ಕ ಹಾಕುವುದು ಅಮಾವಾಸ್ಯೆ, ಹುಣ್ಣಿಮೆಗಳ ಅತಿ ದೊಡ್ಡ ಉಬ್ಬರದಲ್ಲಿ ನೀರು ನೆಲದ ಮೇಲೆ ಎಲ್ಲಿಯವರೆಗೆ ಬರುತ್ತದೆಯೋ ಆ ಉಬ್ಬರರೇಖೆಯಿಂದ. ಕೇಂದ್ರ ಸರ್ಕಾರದ 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯಂತೆ ಈ ರೇಖೆಯಿಂದ ನೆಲದ ಕಡೆಗೆ 500 ಮೀಟರ್‌ವರೆಗಿನ ಭೂಮಿ ನಿಯಂತ್ರಣಕ್ಕೆ ಒಳಪಟ್ಟಿದೆ. ಗ್ರಾಮೀಣ ಪ್ರದೇಶದಲ್ಲಿ, 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನಸಾಂದ್ರತೆ ಇರುವಲ್ಲಿ ಮೊದಲ 50 ಮೀಟರ್, ಅದಕ್ಕಿಂತ ಕಡಿಮೆ ಇರುವಲ್ಲಿ ಮೊದಲ 200 ಮೀಟರ್ ಹೊಸ ಕಟ್ಟಡಕ್ಕೆ ಅವಕಾಶವಿಲ್ಲದ ಪಟ್ಟಿ. ಮರಳದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕಡಲಾಮೆಗಳು ಮೊಟ್ಟೆಯಿಡುವ ತಾಣಗಳಿಗೆ ಇನ್ನೂ ಬಿಗಿಯಾದ ರಕ್ಷಣೆ ಇದೆ. ನಿಮ್ಮ ಹಳ್ಳಿ ಎರಡನೆಯ ಗುಂಪಿಗೆ ಸೇರಿದ್ದರೆ 120 ಮೀಟರಿನ ಜಾಗದಲ್ಲಿ ಹೊಸ ಮನೆಯ ಮಾತೇ ಏಳುವುದಿಲ್ಲ. ಪಟ್ಟಿಯಿಂದ ಆಚೆಗೂ 9 ಮೀಟರ್ ಎತ್ತರ, ಎರಡು ಅಂತಸ್ತಿನ ಮಿತಿಯಿದೆ, ಮತ್ತು ವಾಸದ ಮನೆಗಳ ಅನುಮತಿಯನ್ನು ಸ್ಥಳೀಯರ ಸಾಂಪ್ರದಾಯಿಕ ಹಕ್ಕು, ಬಳಕೆಗಳಿಗೆ ಜೋಡಿಸಿರುವುದರಿಂದ ಹೊರಗಿನಿಂದ ಹೋಗುವ ನೀವು ಆ ಷರತ್ತು ನಿಮಗೆ ಹೇಗೆ ಅನ್ವಯಿಸುತ್ತದೆ ಎಂಬುದನ್ನು ಬರವಣಿಗೆಯಲ್ಲಿಯೇ ಪಡೆಯಬೇಕು. ಉಡುಪಿಯಲ್ಲಿ ಪರಿಸರ ಇಲಾಖೆಯ ಪ್ರಾದೇಶಿಕ ಕಚೇರಿ ಇದೆ. ಸರ್ವೆ ನಂಬರ್ ಹಿಡಿದು ಹೋದರೆ ಕರಾವಳಿ ನಿರ್ವಹಣಾ ನಕ್ಷೆಯಲ್ಲಿ ನಿಮ್ಮ ಜಾಗ ಎಲ್ಲಿ ಬರುತ್ತದೆ ಎಂದು ವಿಚಾರಿಸಬಹುದು. ಪಕ್ಕದಲ್ಲಿ ಒಬ್ಬರು ರೆಸಾರ್ಟ್ ಕಟ್ಟಿದ್ದಾರೆ, ನಮಗೇಕೆ ಆಗದು ಎಂಬ ವಾದವನ್ನು ದಲ್ಲಾಳಿಗಳು ತಪ್ಪದೆ ಮುಂದಿಡುತ್ತಾರೆ. ಪಕ್ಕದವರ ಕಡತದಲ್ಲಿ ಏನಿದೆ ಎಂಬುದು ದಲ್ಲಾಳಿಗಳಿಗೂ ಗೊತ್ತಿರುವುದಿಲ್ಲ, ನಿಮಗೂ ಗೊತ್ತಿಲ್ಲ.

ಈಗ ಕಾಂಕ್ರೀಟಿನ ಮಾತು. ಸೇಡಂ, ವಾಡಿಯ ಸಿಮೆಂಟು ಉಸಿರಾಡಿ ಬೆಳೆದ ನಮಗೆ ಕಾಂಕ್ರೀಟ್ ಎಂದರೆ ಗಟ್ಟಿ ಎಂಬ ನಂಬಿಕೆ ಸಹಜ, ಇಲ್ಲಿನ ಒಣಹವೆಯಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು. ಕಾಂಕ್ರೀಟಿನೊಳಗಿನ ಕ್ಷಾರಗುಣವು ಕಬ್ಬಿಣದ ಸರಳಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ರಕ್ಷಣೆಯ ಪೊರೆಯೊಂದನ್ನು ಕಟ್ಟಿರುತ್ತದೆ. ಕಡಲ ಗಾಳಿ ಹೊತ್ತು ತರುವ ಉಪ್ಪಿನ ಕ್ಲೋರೈಡು ಕಾಂಕ್ರೀಟಿನ ಸೂಕ್ಷ್ಮರಂಧ್ರಗಳ ಮೂಲಕ ವರ್ಷವರ್ಷವೂ ಒಂದಿಷ್ಟು ಒಳಗಿಳಿದು, ಒಂದು ದಿನ ಆ ಪೊರೆಯನ್ನು ಒಡೆಯುತ್ತದೆ. ಅಲ್ಲಿಂದ ಮುಂದೆ ತುಕ್ಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಒಳಗಿನಿಂದಲೇ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ, ಚಾವಣಿಯ ಅಡಿಭಾಗ ಹಪ್ಪಳದಂತೆ ಉದುರುತ್ತದೆ. ಬೀದರಿನವರಿಗೆ ಇದನ್ನು ವಿವರಿಸುವುದು ಸುಲಭ. ಬಿದರಿ ಕಲೆಗಾರರು ಸತುವಿನ ಪಾತ್ರೆಗೆ ಆ ಕಡುಗಪ್ಪು ಬಣ್ಣ ಬರಿಸುವುದು ಕೋಟೆಯ ಮಣ್ಣಿನೊಂದಿಗೆ ನವಸಾಗರವೆಂಬ ಕ್ಲೋರೈಡ್ ಲವಣವನ್ನು ಬೆರೆಸಿ ಹಚ್ಚಿಯೇ. ಅವರ ಕೈಯಲ್ಲಿ ಹದವರಿತು ಕೆಲಸ ಮಾಡುವ ಲವಣದ ಕುಲದ್ದೇ ಇನ್ನೊಂದು, ಕಡಲಂಚಿನಲ್ಲಿ ಹದವಿಲ್ಲದೆ ಹಗಲೂ ರಾತ್ರಿ ಕೆಲಸ ಮಾಡುತ್ತದೆ. ಸತುವಿನ ಲೇಪವಿರುವ ಶೀಟು, ಕೊಕ್ಕೆ, ತಿರುಪುಗಳು ಅಲ್ಲಿ ಬೇಗ ಸೋಲುವುದೂ ಇದರಿಂದಲೇ.

ಆದ್ದರಿಂದ ಕಡಲ ಬದಿಯಲ್ಲಿ ಕಾಂಕ್ರೀಟ್ ಕೂಡದು ಎಂದಲ್ಲ, ಇಲ್ಲಿನ ಕಾಂಕ್ರೀಟ್ ಕೂಡದು. ಐ.ಎಸ್. 456 ಎಂಬ ಭಾರತೀಯ ಮಾನದಂಡವು ಕರಾವಳಿಯ ಹವೆಗೆ ತೆರೆದಿರುವ ಭಾಗಗಳನ್ನು ‘ತೀವ್ರ’ ವರ್ಗದಲ್ಲಿಯೂ ಉಪ್ಪುನೀರಿನ ತುಂತುರು ಬಡಿಯುವ ಭಾಗಗಳನ್ನು ‘ಅತಿ ತೀವ್ರ’ ವರ್ಗದಲ್ಲಿಯೂ ಇಟ್ಟಿದೆ. ಕಾಂಕ್ರೀಟಿನ ಬಲದ ದರ್ಜೆಯನ್ನು ‘ಎಂ’ ಸಂಖ್ಯೆಯಿಂದ ಗುರುತಿಸುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ಬಲ ಹೆಚ್ಚು. ನಮ್ಮಲ್ಲಿ ಸಾಧಾರಣ ಮನೆಗಳಿಗೆ ಬಳಸುವ ಎಂ-20ರ ಬದಲು ಅಲ್ಲಿ ಕ್ರಮವಾಗಿ ಎಂ-30 ಮತ್ತು ಎಂ-35 ಬೇಕು. ಸರಳಿನ ಮೇಲಿನ ಕಾಂಕ್ರೀಟ್ ಹೊದಿಕೆ 20 ಮಿಲಿಮೀಟರಿನ ಬದಲು 45 ಮತ್ತು 50 ಮಿಲಿಮೀಟರ್ ಇರಬೇಕು. ನೀರು, ಸಿಮೆಂಟಿನ ಅನುಪಾತ 0.45ನ್ನು ಮೀರಬಾರದು. ಸ್ಲ್ಯಾಗ್ ಸಿಮೆಂಟು ಕ್ಲೋರೈಡಿನ ಒಳನುಸುಳುವಿಕೆಯನ್ನು ಸಾಮಾನ್ಯ ಸಿಮೆಂಟಿಗಿಂತ ಚೆನ್ನಾಗಿ ತಡೆಯುತ್ತದೆ, ಉಕ್ಕಿನ ಕಾರ್ಖಾನೆಯ ಕಿಟ್ಟವನ್ನೇ ಬಳಸುವುದರಿಂದ ಪರಿಸರದ ಹೊರೆಯೂ ಕಡಿಮೆ. ನನ್ನ ವೃತ್ತಿಯ ಆರಂಭದಲ್ಲಿ ಕುಮಟಾದ ಬಳಿ ಒಂದು ಮನೆಗೆ ಬಾಲ್ಕನಿ ಮಾಡಿಸುವಾಗ, ನಕ್ಷೆಯಲ್ಲಿ ಸರಿಯಾಗಿಯೇ ಬರೆದು, ಕಾಂಕ್ರೀಟ್ ಹಾಕುವ ದಿನ ಸ್ಥಳದಲ್ಲಿರದೆ ಕಲಬುರಗಿಯಲ್ಲಿ ಉಳಿದೆ. ಹೊದಿಕೆಯ ದಪ್ಪ ಕಾಯ್ದುಕೊಳ್ಳಲು ಸರಳಿನ ಕೆಳಗೆ ಇಡಬೇಕಾದ ಬಿಲ್ಲೆಗಳನ್ನು ಇಟ್ಟಿರಲಿಲ್ಲ. ಏಳನೆಯ ಮಳೆಗಾಲಕ್ಕೆ ಆ ಬಾಲ್ಕನಿಯನ್ನು ಒಡೆದು ತೆಗೆಯಬೇಕಾಯಿತು. ತಪ್ಪು ನನ್ನದೇ.

ಕಡಲಿನ ಮರಳಿನ ಸಲಹೆಯನ್ನು ಕೇಳಿಸಿಕೊಂಡ ಕ್ಷಣವೇ ಬಿಟ್ಟುಬಿಡಿ. ಹೊರಗಿನಿಂದ ಹತ್ತಾರು ವರ್ಷ ತೆಗೆದುಕೊಂಡು ಒಳಗಿಳಿಯುವ ಉಪ್ಪನ್ನು ಮೊದಲ ದಿನವೇ ನಿಮ್ಮ ಕೈಯಾರೆ ಒಳಗಿಟ್ಟಂತೆ ಅದು. ಎರಡು ಬಕೆಟ್ ನೀರು ಸುರಿದು ತೊಳೆದೆವು ಎಂಬುದನ್ನು ಅಳೆಯುವವರು ಯಾರೂ ಇರುವುದಿಲ್ಲ, ದಡದಿಂದ ಮರಳು ತೆಗೆಯುವುದೇ ಅಕ್ರಮ ಎಂಬುದು ಬೇರೆ. ವಾಟರ್‌ಪ್ರೂಫಿಂಗ್ ಲೇಪದ ಬಗ್ಗೆ ಇಷ್ಟೇ: ಅದು ಕೆಲವು ವರ್ಷಗಳಿಗೊಮ್ಮೆ ಮತ್ತೆ ಹಚ್ಚಬೇಕಾದ ಬಣ್ಣ, ಮಿಶ್ರಣದಲ್ಲಿ ಆದ ತಪ್ಪಿಗೆ ಮದ್ದಲ್ಲ.

ನಿಮ್ಮ ಗಾಜಿನ ಗೋಡೆಯ ಆಸೆಗೆ ತಣ್ಣೀರು ಎರಚಲು ಮನಸ್ಸಿಲ್ಲ, ಆದರೆ ದಿಕ್ಕನ್ನು ನೆನಪಿಸಿಕೊಳ್ಳಿ. ಕರ್ನಾಟಕದ ಕಡಲು ಪಶ್ಚಿಮಕ್ಕಿದೆ. ಕಲಬುರಗಿಯಲ್ಲಿ ಪಶ್ಚಿಮದ ಗೋಡೆಗೆ ದೊಡ್ಡ ಕಿಟಕಿ ಇಡಿ ಎಂದರೆ ನಿಮ್ಮ ಮನೆಯ ಹಿರಿಯರು ನನ್ನನ್ನು ಬಾಗಿಲಿನಿಂದಲೇ ಕಳಿಸುತ್ತಿದ್ದರು. ಅದೇ ಇಳಿಬಿಸಿಲು ಅಲ್ಲಿಯೂ ಗಾಜಿನ ಮೂಲಕ ಒಳಬಂದು ಮನೆಯನ್ನು ಕಾಯಿಸುತ್ತದೆ, ಆಗ ಎಸಿ ಬೇಕಾಗುತ್ತದೆ, ಪರಿಸರಸ್ನೇಹದ ಮಾತು ಅಲ್ಲಿಗೆ ಮುಗಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಾರುತ ಮಳೆಯನ್ನು ಅಡ್ಡಡ್ಡವಾಗಿ ಹೊಡೆಯುವುದೂ ಇದೇ ಗೋಡೆಗೆ. ಜಾರುವ ಬಾಗಿಲಿನ ಹಳಿಯಲ್ಲಿ ಮರಳು ಕೂರುತ್ತದೆ, ಗಾಲಿ ತುಕ್ಕು ಹಿಡಿಯುತ್ತದೆ, ಮೂರನೆಯ ವರ್ಷ ಬಾಗಿಲು ಅಲುಗುವುದಿಲ್ಲ. ಚಳಿಗಾಲದಲ್ಲಿ, ಅಂದರೆ ನೀವು ಅಲ್ಲಿರುವ ತಿಂಗಳುಗಳಲ್ಲಿಯೇ, ಆ ಕರಾವಳಿಯ ಹಲವೆಡೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ. ಮರಿಗಳು ಹೊರಬಿದ್ದೊಡನೆ ಬೆಳಕಿರುವತ್ತ ನಡೆಯುವುದರಿಂದ, ರಾತ್ರಿ ದೀಪ ಉರಿಯುವ ಗಾಜಿನ ಗೋಡೆ ಅವನ್ನು ಕಡಲಿನ ಬದಲು ನಿಮ್ಮ ಅಂಗಳಕ್ಕೆ ಕರೆಯುತ್ತದೆ. ಇದಕ್ಕೆಲ್ಲ ಕರಾವಳಿಯವರು ಕಂಡುಕೊಂಡ ಪರಿಹಾರ ಆಳವಾದ ಜಗಲಿ. ಹತ್ತು ಅಡಿಯ ಜಗಲಿ, ಅದರ ಮೇಲೆ ತಗ್ಗಿ ಬಂದ ಮಾಡು, ಅಂದರೆ ಇಳಿಜಾರು ಚಾವಣಿ, ಮಳೆಗಾಲಕ್ಕೆ ಕಟ್ಟಿ ಬೇಸಿಗೆಗೆ ಬಿಚ್ಚುವ ತೆಂಗಿನ ಮಡಲಿನ ತಟ್ಟಿ. ಕಡಲು ನೋಡಲು ಅಲ್ಲಿ ಕೂರಬೇಕೇ ಹೊರತು ಕೋಣೆಯೊಳಗೆ ಗಾಜಿನ ಹಿಂದೆ ಅಲ್ಲ. ಚಿತ್ರಗಳಲ್ಲಿ ಕಾಣುವ, ಮಾಡಿನ ಸೆರಗೇ ಇಲ್ಲದ ಪೆಟ್ಟಿಗೆಯಾಕಾರದ ಮನೆಗಳು ಮಳೆ ಕಡಿಮೆ ಇರುವ ನಾಡಿಗೆ ಹೊಂದಬಹುದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ, ನಮ್ಮದರ ಐದು ಪಟ್ಟು.

ದಪ್ಪ ಗೋಡೆಯ ತಂಪಿನ ಗುಟ್ಟು ಗೋಡೆಯಲ್ಲಿಲ್ಲ, ನಮ್ಮ ರಾತ್ರಿಯಲ್ಲಿದೆ. ಮೇ ತಿಂಗಳಲ್ಲಿ ಇಲ್ಲಿ ಹಗಲು 42, 43 ಡಿಗ್ರಿಗೆ ಏರಿದರೂ ರಾತ್ರಿ ಹದಿನೈದು ಡಿಗ್ರಿಯಷ್ಟು ಇಳಿಯುತ್ತದೆ. ಹಗಲಿನ ಕಾವನ್ನು ನಿಧಾನವಾಗಿ ಹೀರಿಕೊಂಡ ಕಲ್ಲು ಅದನ್ನು ರಾತ್ರಿಯ ತಂಪಿಗೆ ಬಿಟ್ಟುಕೊಟ್ಟು ಬೆಳಗಿನ ಹೊತ್ತಿಗೆ ಮತ್ತೆ ಬರಿದಾಗಿರುತ್ತದೆ. ಕರಾವಳಿಯಲ್ಲಿ ಹಗಲು, ರಾತ್ರಿಗಳ ಅಂತರ ಬೇಸಿಗೆಯಲ್ಲಿ ಏಳೆಂಟು ಡಿಗ್ರಿ ಮಾತ್ರ. ಅಲ್ಲಿ ದಪ್ಪ ಗೋಡೆಗೆ ಕಾವು ಬಿಟ್ಟುಕೊಡಲು ತಂಪಾದ ರಾತ್ರಿಯೇ ಸಿಗುವುದಿಲ್ಲ. ಅಲ್ಲಿ ಮೈಗೆ ಹಿತ ಕೊಡುವುದು ಬೆವರನ್ನು ಆರಿಸುವ ಗಾಳಿ, ಆದ್ದರಿಂದ ಪಶ್ಚಿಮದಿಂದ ಬಂದ ಗಾಳಿ ಯಾವ ಗೋಡೆಗೂ ತಡೆಯದೆ ಪೂರ್ವಕ್ಕೆ ಹೋಗುವಂತೆ ಒಂದೇ ಸಾಲಿನ ಕೋಣೆಗಳನ್ನು ಜೋಡಿಸಬೇಕು. ನಮ್ಮ ಮನೆಗಳಿಂದ ಒಯ್ಯಬೇಕಾದದ್ದು ಗೋಡೆಯ ದಪ್ಪವಲ್ಲ, ಪಡಸಾಲೆ. ಹಗಲಲ್ಲಿ ಕೂಡುವುದಕ್ಕೆ, ರಾತ್ರಿ ಮಲಗುವುದಕ್ಕೆ, ಬಂದವರಿಗೆ ಉಣಬಡಿಸುವುದಕ್ಕೆ ಒಂದೇ ಜಾಗ ಸಾಕು ಎಂಬ ಆ ತಿಳಿವಳಿಕೆಯೇ ನೀವು ಹುಡುಕುತ್ತಿರುವ ಸರಳತೆ. ಅದಕ್ಕೆ ‘ಮಿನಿಮಲಿಸಂ’ ಎಂಬಂಥ ಹೊರಗಿನ ಹೆಸರು ಬೇಕಿಲ್ಲ.

ಮರಳಿನ ಮೇಲಿನ ಬುನಾದಿಯ ಭಯವು ಎರೆಭೂಮಿಯವರ ಭಯ. ನಮ್ಮ ಕರಿಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿದು ಮನೆಯನ್ನೇ ಅಲುಗಿಸುತ್ತದೆ. ಮರಳು ಹಾಗೆ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ, ಬದಿಗೆ ಸರಿಯಲು ಬಿಡದಿದ್ದರೆ ಒಂದಂತಸ್ತಿನ ಮನೆಯನ್ನು ನಿಶ್ಚಿಂತೆಯಿಂದ ಹೊರುತ್ತದೆ. ನಿಜವಾದ ಅಪಾಯ ಅಲೆ ಆ ಮರಳನ್ನೇ ಕೊಚ್ಚಿಕೊಂಡು ಹೋಗುವುದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಕರಾವಳಿಯಲ್ಲಿ ಅನೇಕ ಕಡೆ ಇದನ್ನೇ ಕಂಡೆವು. ಹಾಗಾಗಿ ಜಾಗದ ಮುಂದಿರುವ ಮರಳದಿಬ್ಬವನ್ನು ಕಡಲು ಕಾಣಲೆಂದು ಸಮತಟ್ಟು ಮಾಡಿಸಬೇಡಿ, ಅದರ ಮೇಲೆ ಹಬ್ಬಿರುವ ನೇರಳೆ ಹೂವಿನ ಬಳ್ಳಿಯನ್ನು ಕಿತ್ತು ಲಾನ್ ಹಾಕಿಸಬೇಡಿ. ಆ ಬಳ್ಳಿಯ ಬೇರೇ ದಿಬ್ಬವನ್ನು ಹಿಡಿದಿದೆ. ಕಲ್ಲಿನ ತಡೆಗೋಡೆ ಹಾಕಿದರೆ ನಿಮ್ಮ ಮುಂದೆ ತಡೆದ ಕೊರೆತ ಪಕ್ಕದವರ ಜಾಗದಲ್ಲಿ ಏಳುತ್ತದೆ.

ಗೋಡೆಗೆ ನನ್ನ ಆಯ್ಕೆ ಅಲ್ಲಿನ ಮುರಕಲ್ಲು, ಅಂದರೆ ಜಂಬಿಟ್ಟಿಗೆ. ಬೀದರಿನವರು ಅದನ್ನು ನೋಡಿದೊಡನೆ ಗುರುತಿಸುತ್ತಾರೆ, ಏಕೆಂದರೆ ಬೀದರ ನಿಂತಿರುವುದೇ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ, ಕೋಟೆಯ ಕಂದಕವನ್ನು ಕೊರೆದಿರುವುದೂ ಆ ಕಲ್ಲಿನಲ್ಲಿಯೇ. ಮೂಲಬಂಡೆ ಬೇರೆಯಾದರೂ ಜಾತಿ ಒಂದೇ: ಮಳೆ, ಬಿಸಿಲುಗಳಿಗೆ ಬಂಡೆ ಕೊಳೆತು ಕಬ್ಬಿಣದ ಅಂಶ ಉಳಿದು ಆದ ಕಲ್ಲು, ನೆಲದಿಂದ ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವಂಥದು. ಅದರೊಳಗೆ ತುಕ್ಕು ಹಿಡಿಯಲು ಸರಳು ಇಲ್ಲ, ಸುಡಲು ಕಟ್ಟಿಗೆ ಬೇಕಿಲ್ಲ, ಕೆಲವೇ ಕಿಲೋಮೀಟರ್ ದೂರದಿಂದ ಬರುತ್ತದೆ. ಗಿಲಾಯಿ ಬೇಕೆಂದರೆ ಸುಣ್ಣದ ಗಾರೆ ಇರಲಿ, ಸಿಮೆಂಟಿನದು ಕಲ್ಲು ಹೀರಿದ ನೀರನ್ನು ಹೊರಗೆ ಬಿಡದೆ ಒಳಗೇ ಕಟ್ಟಿಹಾಕುತ್ತದೆ. ಮಾಡಿಗೆ ಇಳಿಜಾರು, ಹಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದಂದಿನಿಂದ ಆ ಮಳೆಯಲ್ಲಿ ಪರೀಕ್ಷೆಯಾಗುತ್ತ ಬಂದ ವಸ್ತು ಅದು, ಒಡೆದ ಒಂದು ಹಂಚನ್ನು ಬದಲಿಸಲು ಪಕ್ಕದ ಮನೆಯ ಹುಡುಗ ಸಾಕು. ಗಾಳಿಗೆ ಹಾರದಂತೆ ಅಂಚಿನ ಸಾಲುಗಳನ್ನು ಕಟ್ಟಬೇಕು, ಹೊರಗಿನ ತಿರುಪು, ತಿರುಗಣಿಗಳು 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವು ಇರಬೇಕು. 304 ದರ್ಜೆಯದು ಅಲ್ಲಿ ಕಲೆಗಟ್ಟುತ್ತದೆ.

ಶಹಾಬಾದ್ ಫರ್ಸಿ ನಿಮ್ಮ ಮನಸ್ಸಿಗೆ ಹತ್ತಿರವಾದದ್ದು ಎಂದು ಬಲ್ಲೆ. ಒಳಗಿನ ನೆಲಕ್ಕೆ ಅದು ಚೆನ್ನಾಗಿಯೇ ಬಾಳುತ್ತದೆ, ಕೆಳಗಿನಿಂದ ತೇವ ಏರದಂತೆ ತಡೆಪದರ ಹಾಕಿದ್ದರೆ. ಹೊರಗಿನ ಜಗಲಿಗೆ ಬೇಡ: ಪದರಪದರವಾದ ಸುಣ್ಣದ ಕಲ್ಲಿನೊಳಗೆ ಉಪ್ಪುನೀರು ಇಳಿದು ಒಣಗಿದಾಗ ಉಪ್ಪಿನ ಹರಳು ಅಂಚುಗಳನ್ನು ಎಬ್ಬಿಸುತ್ತದೆ, ನಯಗೊಳಿಸಿದ ಕಲ್ಲು ಮಳೆಯಲ್ಲಿ ಜಾರುತ್ತದೆ. ಯಾರೋ ಕಲೆ ತೆಗೆಯಲೆಂದು ಆ್ಯಸಿಡ್ ಸುರಿದರಂತೂ ಮುಗಿಯಿತು. 600 ಕಿಲೋಮೀಟರ್ ಲಾರಿಯಲ್ಲಿ ಒಯ್ದ ಕಲ್ಲಿನ ನೆಲ ಪರಿಸರದ ಲೆಕ್ಕದಲ್ಲಿ ಹಗುರವಲ್ಲ. ಪಡಸಾಲೆಯ ಕಟ್ಟೆಗೆ, ಅಡಿಗೆಮನೆಯ ಕಟ್ಟೆಗೆ ಸಾಕಾಗುವಷ್ಟು ಒಯ್ದು ಊರಿನ ನೆನಪು ಉಳಿಸಿಕೊಳ್ಳಿ.

ನೀರಿನ ವಿಷಯದಲ್ಲಿ ನಮ್ಮ ರೂಢಿ ಪೂರ್ತಿ ತಲೆಕೆಳಗಾಗುತ್ತದೆ. ಇಲ್ಲಿ ಬೋರಿನಲ್ಲಿ ನೀರು ಬಾರದಿದ್ದರೆ ಇನ್ನೂ ಇನ್ನೂರು ಅಡಿ ಇಳಿಸಿ ಎನ್ನುತ್ತೇವೆ. ಅಲ್ಲಿ ಇಳಿದಷ್ಟೂ ಉಪ್ಪು. ಮರಳಿನೊಳಗೆ ಇಂಗಿದ ಮಳೆನೀರು ಭಾರವಾದ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಅದರ ಮಟ್ಟ ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲಿದ್ದರೆ ಕೆಳಗೆ ಸುಮಾರು 40 ಮೀಟರ್ ಸಿಹಿನೀರು ಇರುತ್ತದೆ ಎಂಬುದು ಹಳೆಯ ಲೆಕ್ಕ. ಪಂಪಿನಿಂದ ಎಳೆದು ಆ ಮಟ್ಟವನ್ನು ಕಾಲು ಮೀಟರ್ ಇಳಿಸಿದರೂ ಕೆಳಗಿನ ಉಪ್ಪು, ಕಾಲಕ್ರಮದಲ್ಲಿ, ಹತ್ತು ಮೀಟರ್ ಮೇಲೇರಬಹುದು, ಮತ್ತು ಕೆಡುವುದು ನಿಮ್ಮ ಬಾವಿ ಮಾತ್ರವಲ್ಲ, ಸುತ್ತಲಿನ ಮೀನುಗಾರರ ಮನೆಗಳ ಬಾವಿಗಳೂ ಹೌದು. ಅಲ್ಲಿ ಅಂತರ್ಜಲ ಎತ್ತುವುದಕ್ಕೆ ನಿಯಮಗಳ ಮಿತಿಯೂ ಇದೆ. ಇಬ್ಬರಿಗೆ ದಿನಕ್ಕೆ ತಲಾ 100 ಲೀಟರಿನಂತೆ ಮೂರು ತಿಂಗಳಿಗೆ ಬೇಕಾದದ್ದು 18,000 ಲೀಟರ್. 100 ಚದರ ಮೀಟರ್ ಮಾಡಿನ ಮೇಲೆ ಅಲ್ಲಿ ವರ್ಷಕ್ಕೆ 4 ಲಕ್ಷ ಲೀಟರ್ ಬೀಳುತ್ತದೆ. ಮಳೆಗಾಲದ ಕೊನೆಯಲ್ಲಿ ತುಂಬಿಕೊಳ್ಳುವ 20,000 ಲೀಟರಿನ ಮುಚ್ಚಿದ ತೊಟ್ಟಿಯೊಂದಿದ್ದರೆ ನಿಮ್ಮ ಚಳಿಗಾಲ ಕಳೆಯುತ್ತದೆ. ಶೌಚದ ಇಂಗುಗುಂಡಿ ಯಾವ ಬಾವಿಯಿಂದಲೂ ಕನಿಷ್ಠ 18 ಮೀಟರ್ ದೂರವಿರಲಿ. ನೀರು ಮೇಲೆಯೇ ಇರುವ ಮರಳಿನಲ್ಲಿ ಗುಂಡಿಗಿಂತ ನೀರು ಸೋರದ ತೊಟ್ಟಿ ಮತ್ತು ಅದರ ಕೊಳೆನೀರನ್ನು ಸೋಸುವ ಗಿಡಗಳ ಹಾಸು ವಾಸಿ.

ಈಗ ಬೀಗದ ಮಾತು. ಒಂಬತ್ತು ತಿಂಗಳು ಮುಚ್ಚಿದ ಮನೆಯೊಳಗೆ ಮಳೆಗಾಲದ ತೇವ ನಿಂತರೆ ಹಾಸಿಗೆ, ಪುಸ್ತಕ, ಪ್ಲೈವುಡ್ ಕಪಾಟುಗಳೆಲ್ಲ ಬೂಷ್ಟು ಹಿಡಿಯುತ್ತವೆ, ಗೆದ್ದಲಿಗೆ ತಡೆಯುವವರೇ ಇರುವುದಿಲ್ಲ. ಇಂಥ ಮನೆಯನ್ನು ವಾಸಕ್ಕಾಗಿ ವಿನ್ಯಾಸ ಮಾಡುವ ಮೊದಲು ಗೈರುಹಾಜರಿಗಾಗಿ ವಿನ್ಯಾಸ ಮಾಡಬೇಕು. ಗೋಡೆಯ ಮೇಲ್ಭಾಗದಲ್ಲಿ ಮುಚ್ಚಲಾಗದ ಜಾಲಂದ್ರ, ಕಪಾಟಿನ ಬದಲು ಕಲ್ಲಿನ ತೆರೆದ ಗೂಡು, ಫಾಲ್ಸ್ ಸೀಲಿಂಗ್ ಇಲ್ಲ, ಗೋಡೆಯೊಳಗೆ ಅಡಗಿಸಿದ ಮಳೆಕೊಳವೆ ಇಲ್ಲ, ಒಳಗೆ ಒಯ್ಯುವ ಸಾಮಾನು ಬೀಗ ಹಾಕುವಾಗ ಒಂದು ಟ್ರಂಕಿಗೆ ಹಿಡಿಯುವಷ್ಟು. ಸೋಲಾರ್ ಫಲಕ ಹಾಕಿಸುವಿರಾದರೆ ಉಪ್ಪಿನ ಮಂಜಿನ ಪರೀಕ್ಷೆಗೆ ಒಳಪಟ್ಟದ್ದನ್ನು ಕೇಳಿ ಪಡೆಯಿರಿ, ಇನ್ವರ್ಟರ್ ಒಳಗಿರಲಿ. ಊರಿನ ಒಬ್ಬರಿಗೆ ತಿಂಗಳ ಸಂಬಳ ಕೊಟ್ಟು ವಾರಕ್ಕೊಮ್ಮೆ ಕಿಟಕಿ ತೆರೆಸುವ ಏರ್ಪಾಟನ್ನು ಕಟ್ಟಡದ ಖರ್ಚಿನಲ್ಲಿಯೇ ಸೇರಿಸಿ ಲೆಕ್ಕ ಹಾಕಿ. ಅದು ಭರಿಸಲಾಗದು ಎನಿಸಿದರೆ ಮನೆಯೂ ಭರಿಸಲಾಗದು.

ನಿಮ್ಮ ಮುಂದಿರುವ ದಾರಿಗಳು ಮೂರು. ನಕ್ಷೆ ಬಿಟ್ಟುಕೊಟ್ಟರೆ ಜಾಗದ ಹಿಂಭಾಗದಲ್ಲಿ, ಕಡಲಿನಿಂದ ಎಷ್ಟು ದೂರ ಸರಿಯಬಹುದೋ ಅಷ್ಟು ಸರಿದು, ಮುರಕಲ್ಲು ಮತ್ತು ಹಂಚಿನ ಪುಟ್ಟ ಮನೆ ಕಟ್ಟುವುದು ಒಂದು. ಉಪ್ಪಿನ ಹೊಡೆತ ಮೊದಲ ಕೆಲವು ನೂರು ಮೀಟರ್‌ಗಳಲ್ಲಿಯೇ ಬಹಳ ಇಳಿಯುತ್ತದೆ. ಇದರ ಅಪಾಯವೆಂದರೆ ನಿರ್ವಹಣೆ ಎಂದೂ ನಿಲ್ಲದು. ಎರಡನೆಯದು ಅದೇ ಊರಿನಲ್ಲಿ ಪಾಳುಬಿದ್ದ ಹಳೆಯ ಹಂಚಿನ ಮನೆಯೊಂದನ್ನು ಕೊಂಡು ರಿಪೇರಿ ಮಾಡುವುದು. ನಿರ್ಬಂಧಿತ ಪಟ್ಟಿಯೊಳಗೂ ಅಧಿಕೃತವಾಗಿ ಇರುವ ಕಟ್ಟಡವನ್ನು ಇದ್ದ ಅಳತೆ ಮೀರದಂತೆ ದುರಸ್ತಿ ಮಾಡಲು ಅವಕಾಶವಿದೆ, ಆದರೆ ಅದು ಅಧಿಕೃತ ಎಂಬ ಕಾಗದ ಇರಬೇಕು, ಗೆದ್ದಲು ತಿಂದ ತೊಲೆಗಳು ಕೆಲಸ ಶುರುವಾದ ಮೇಲೆಯೇ ಕಾಣುತ್ತವೆ. ಪರಿಸರದ ದೃಷ್ಟಿಯಿಂದ ನನಗೆ ಇದೇ ಹೆಚ್ಚು ಮೆಚ್ಚುಗೆ. ಮೂರನೆಯದು, ಮುಂಗಡದ ಹಣಕ್ಕೆ ಮೋಹ ಬಿಟ್ಟು, ಪ್ರತಿ ಚಳಿಗಾಲದ ಮೂರು ತಿಂಗಳಿಗೆ ಅಲ್ಲಿ ಒಂದು ಮನೆ ಬಾಡಿಗೆಗೆ ಹಿಡಿಯುವುದು. ಇದರಲ್ಲಿ ಕಳೆದುಕೊಳ್ಳುವುದು ಸ್ವಂತದ್ದೆಂಬ ಭಾವ ಮಾತ್ರ, ಅದರ ಬೆಲೆಯನ್ನು ನಾನು ಕಟ್ಟಲಾರೆ.

ಯಾವುದನ್ನು ಆರಿಸುವ ಮೊದಲೂ ಒಂದು ಜುಲೈ ತಿಂಗಳಲ್ಲಿ ಅಲ್ಲಿಗೆ ಹೋಗಿ ವಾರವಿದ್ದು ಬನ್ನಿ. ನೆರೆಯ ಮನೆಗಳು ಪಶ್ಚಿಮಕ್ಕೆ ಏನು ಕಟ್ಟಿಕೊಂಡಿವೆ, ಬಾವಿಯ ನೀರು ಎಷ್ಟು ಮೇಲಿದೆ, ಅಲೆ ಎಲ್ಲಿಯವರೆಗೆ ಬಂದು ಕಸ ಬಿಟ್ಟು ಹೋಗಿದೆ ಎಂದು ಬರೆದುಕೊಳ್ಳಿ. ಬರುವಾಗ ಉಡುಪಿಯಲ್ಲಿ ಇಳಿದು ಸರ್ವೆ ನಂಬರಿನ ಕೆಲಸ ಮುಗಿಸಿ. ಅಲ್ಲಿಯವರೆಗೆ ಶಹಾಬಾದಿನ ಕ್ವಾರಿಗೆ ಮುಂಗಡ ಕೊಡಬೇಡಿ.